ಪ್ಯಾಕೆಟ್ ಹಾಕಿದರೂ ಗದ್ದೆಯಲ್ಲಿ ಏನೂ ಕಾಣಲಿಲ್ಲ, ಯಾಕೆ?

ಓದುಗರ ಪ್ರಶ್ನೆ

"ನಮ್ಮದು ಆಲೂರು ತಾಲ್ಲೂಕು. ಎರಡು ಎಕರೆ ಗದ್ದೆ, ಅದರ ಮೇಲುಗಡೆ ಒಂದಿಷ್ಟು ಕಾಫಿ. ಪ್ರತಿ ಮಳೆಗಾಲ ಇಂಟಾನ್ ಭತ್ತ ಹಾಕುತ್ತೇವೆ. ಎಕರೆಗೆ ಒಂದು ಮೂಟೆ ಡಿಎಪಿ, ಎರಡು ಮೂಟೆ ಯೂರಿಯಾ ಕೊಡುವುದು ರೂಢಿ. ಹೋದ ವರ್ಷ ಅಂಗಡಿಯವರು ಅಜೋಸ್ಪಿರಿಲಂ ಮತ್ತು ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಪ್ಯಾಕೆಟ್ ಕೊಟ್ಟರು. 'ಎಕರೆಗೆ ಎರಡು ಕೆಜಿ ಹಾಕಿ, ಎರಡು ಮೂಟೆ ಯೂರಿಯಾಕ್ಕೆ ಸಮ' ಅಂದರು. ಯೂರಿಯಾ ಬಿಡಲು ನನಗೆ ಧೈರ್ಯ ಬರಲಿಲ್ಲ. ನಾಟಿಯಾದ ಹದಿನೈದು ದಿನಕ್ಕೆ ಯೂರಿಯಾ ಜೊತೆಗೇ ಪುಡಿ ಕಲಸಿ ಎರಚಿದೆ. ಇಳುವರಿ ಎಕರೆಗೆ 16 ಕ್ವಿಂಟಾಲ್, ಹಿಂದಿನ ವರ್ಷದಷ್ಟೇ. ಮೇಲಾಗಿ ಬೆಂಕಿ ರೋಗ ಬಂತು. ಹೊಳೆನರಸೀಪುರ ಕಡೆಯ ನಮ್ಮ ಭಾವ ಅಂಥದೇ ಪ್ಯಾಕೆಟ್ ಹಾಕಿ ಚೆನ್ನಾಗಿ ಬಂತು ಅನ್ನುತ್ತಾರೆ. ಪಕ್ಕದ ಗದ್ದೆಯವರು ಇದೆಲ್ಲ ಮೋಸ ಅನ್ನುತ್ತಾರೆ. ಮಗ, ಜೀವಾಮೃತ ಹಾಕಿದರೆ ಯಾವ ಗೊಬ್ಬರವೂ ಬೇಡ ಅನ್ನುತ್ತಾನೆ. ಮಣ್ಣು ಪರೀಕ್ಷೆ ಚೀಟಿಯಲ್ಲಿ ಪಿಎಚ್ 5.4, ಸಾವಯವ ಇಂಗಾಲ ಜಾಸ್ತಿ, ರಂಜಕ ಕಡಿಮೆ ಎಂದಿದೆ. ಯೂರಿಯಾ ಬಿಡಬಹುದಾ? ನೀರಲ್ಲಿ ತೇಲುವ ಅಜೋಲ್ಲಾ ಗಿಡವನ್ನು ಗದ್ದೆಗೆ ಬಿಟ್ಟರೆ ಹೇಗೆ? ಈ ಸೂಕ್ಷ್ಮಜೀವಿಗಳು ಒಮ್ಮೆ ಹಾಕಿದರೆ ಮಣ್ಣಲ್ಲೇ ಉಳಿಯುತ್ತವಾ? ಗದ್ದೆಯ ಕೆಳಗೆ ಬಾವಿ ಇದೆ, ದನಗಳೂ ಅದೇ ನೀರು ಕುಡಿಯುತ್ತವೆ, ತೊಂದರೆ ಇಲ್ಲವಾ? ಈ ವರ್ಷದ ನಾಟಿ ಮುಗಿದಿದೆ. ಹೋದ ವರ್ಷದ್ದೇ ಎರಡು ಪ್ಯಾಕೆಟ್ ಮನೆಯಲ್ಲಿ ಉಳಿದಿವೆ, ಏನು ಮಾಡಲಿ?"

ಉತ್ತರ

ಪ್ರಶ್ನೆಗಳು ಏಳೆಂಟಿವೆ, ಒಳಗಿರುವ ಚಿಂತೆ ಒಂದೇ. ಯೂರಿಯಾ ಕಡಿಮೆ ಮಾಡಬೇಕು ಅನ್ನಿಸಿದೆ. ಮಾಡಿದರೆ ಮನೆಯ ಅಕ್ಕಿಗೇ ಕುತ್ತು ಬಂದೀತು ಎಂಬ ಭಯವೂ ಇದೆ. ಈ ಭಯ ಸರಿಯಾದದ್ದೇ. ಗದ್ದೆ ನಿಮ್ಮದು, ಪ್ಯಾಕೆಟ್ ಮಾರಿದವರದ್ದಲ್ಲ.

ಪ್ಯಾಕೆಟ್, ಅಂದರೆ ಜೈವಿಕ ಗೊಬ್ಬರ, ಮೋಸವಲ್ಲ. ಆದರೆ ಎರಡು ಮೂಟೆ ಯೂರಿಯಾಕ್ಕೆ ಸಮ ಎಂಬುದು ಸುಳ್ಳು. ಎಲ್ಲ ಸರಿಯಾಗಿ ನಡೆದರೆ ಎಕರೆಗೆ ಸುಮಾರು ಅರ್ಧ ಮೂಟೆ ಉಳಿಸಬಹುದು, ಅದಕ್ಕಿಂತ ಹೆಚ್ಚಿನದನ್ನು ಯಾರಾದರೂ ಹೇಳಿದರೆ ನಂಬಬೇಡಿ. ನೀವು ಹಾಕಿದ ರೀತಿಯಲ್ಲಿ ಹಾಕಿದರೆ ಆ ಅರ್ಧ ಮೂಟೆಯೂ ಸಿಗುವುದಿಲ್ಲ. ಜೊತೆಗೆ ನಿಮ್ಮ ಮಣ್ಣಿನ ಚೀಟಿ ನೋಡಿದರೆ, ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಸಾರಜನಕಕ್ಕಿಂತ ಮೊದಲು ರಂಜಕದ ಬಗ್ಗೆ.

ಮೊದಲು ಯೂರಿಯಾದ ಲೆಕ್ಕ

45 ಕೆಜಿ ಮೂಟೆ ಯೂರಿಯಾದಲ್ಲಿ ಶೇಕಡಾ 46 ಸಾರಜನಕ. ಮೂಟೆಗೆ 20 ಕೆಜಿ ಚಿಲ್ಲರೆ, ಎರಡಕ್ಕೆ 41. ಡಿಎಪಿ ರಂಜಕದ ಗೊಬ್ಬರವಾದರೂ ಅದರಲ್ಲಿ ಸಾರಜನಕವೂ ಇದೆ, 50 ಕೆಜಿಯಿಂದ ಇನ್ನೊಂದು 9. ಒಟ್ಟು ನೀವು ಎಕರೆಗೆ 50 ಕೆಜಿ ಸಾರಜನಕ ಕೊಡುತ್ತಿದ್ದೀರಿ.

ಪೈರು ತೆಗೆದುಕೊಳ್ಳುವುದೆಷ್ಟು? ಒಂದು ಟನ್ ಭತ್ತಕ್ಕೆ, ಅದರ ಹುಲ್ಲೂ ಸೇರಿ, 15ರಿಂದ 20 ಕೆಜಿ ಸಾರಜನಕ ಸಾಕು. ನಿಮ್ಮ 16 ಕ್ವಿಂಟಾಲ್‌ಗೆ ಹೆಚ್ಚೆಂದರೆ 32 ಕೆಜಿ. ಅದರಲ್ಲೂ ಒಂದು ಪಾಲನ್ನು ಮಣ್ಣೇ ಕೊಡುತ್ತದೆ. ಹಾಗಿದ್ದರೆ ಉಳಿದದ್ದು ಎಲ್ಲಿ ಹೋಗುತ್ತದೆ? ನಿಂತ ನೀರಿಗೆ ಎರಚಿದ ಯೂರಿಯಾದಲ್ಲಿ ಪೈರಿಗೆ ಸೇರುವುದು ಸಾಮಾನ್ಯವಾಗಿ ಶೇಕಡಾ 30ರಿಂದ 40. ಇನ್ನುಳಿದದ್ದರಲ್ಲಿ ಸ್ವಲ್ಪ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಸ್ವಲ್ಪ ಕೆಸರಿನೊಳಗೆ ರೂಪ ಬದಲಿಸಿ ಅನಿಲವಾಗುತ್ತದೆ. ನಮ್ಮ ಮಲೆನಾಡಿನ ಮೆಟ್ಟಿಲು ಗದ್ದೆಗಳಲ್ಲಂತೂ ಅಂಚಿನಲ್ಲಿ ನೀರು ಹೋಗುವ ಕಂಡಿಯಿಂದ ಕಂಡಿಗೆ ಇಳಿದು ಕೆಳಗಿನವರ ಪಾಲಾಗುತ್ತದೆ.

ಬೆಂಕಿ ರೋಗಕ್ಕೂ ಇದಕ್ಕೂ ನಂಟಿದೆ. ಯೂರಿಯಾ ಜಾಸ್ತಿಯಾದಾಗ ಎಲೆ ಕಡು ಹಸಿರಾಗಿ ಮೆತ್ತಗಾಗುತ್ತದೆ. ಅದರ ಮೇಲೆ ಜಿಟಿಜಿಟಿ ಮಳೆ, ಮೋಡ, ಬೆಳಗಿನ ಮಂಜು ಬಂದರೆ ಬೆಂಕಿ ರೋಗ ತರುವ ಶಿಲೀಂಧ್ರಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಪ್ಯಾಕೆಟ್‌ನಿಂದ ರೋಗ ಬಂತಾ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಆ ಅನುಮಾನ ಪತ್ರದಲ್ಲಿ ಕಾಣುತ್ತದೆ. ಪ್ಯಾಕೆಟ್‌ನಿಂದ ಬರಲಿಲ್ಲ.

ಇನ್ನೊಂದು ಮಾತು, ಇದನ್ನು ಮಾರುವವರು ಹೇಳುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಅರ್ಧ ಮೂಟೆ ಯೂರಿಯಾವನ್ನು ಯಾವ ಪ್ಯಾಕೆಟ್ಟೂ ಇಲ್ಲದೆ ಬಿಟ್ಟಿದ್ದರೂ ಬಹುಶಃ ಇಳುವರಿ ಇಳಿಯುತ್ತಿರಲಿಲ್ಲ. ಎಷ್ಟೋ ಪ್ರಾತ್ಯಕ್ಷಿಕೆಗಳಲ್ಲಿ ನಡೆಯುವುದೂ ಇದೇ. ಮೊದಲೇ ಹೆಚ್ಚಾಗಿ ಗೊಬ್ಬರ ಬೀಳುತ್ತಿದ್ದ ಗದ್ದೆಯಲ್ಲಿ ಕಾಲು ಭಾಗ ಇಳಿಸಿ, ಒಂದು ಪುಡಿ ಹಾಕಿ, 'ನೋಡಿ, ಇಳುವರಿ ಕಡಿಮೆಯಾಗಲಿಲ್ಲ' ಎಂದು ತೋರಿಸುತ್ತಾರೆ. ಪುಡಿಯ ಬದಲು ಒಲೆ ಬೂದಿ ಹಾಕಿದ್ದರೂ ಇಳುವರಿ ಕಡಿಮೆ ಆಗುತ್ತಿರಲಿಲ್ಲ. ಇದನ್ನು ಹೇಗೆ ಪತ್ತೆ ಮಾಡುವುದು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಈ ಜೀವಿಗಳು ಮಾಡುವುದೇನು

ಗಾಳಿಯಲ್ಲಿ ಶೇಕಡಾ 78 ಸಾರಜನಕವೇ. ಆದರೆ ಪೈರಿಗೆ ಅದು ಹಾಗೇ ದಕ್ಕುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳಿಗೆ ಮಾತ್ರ ಅದನ್ನು ಅಮೋನಿಯಂ ಮಾಡುವ ಶಕ್ತಿ ಇದೆ. ಅವರೆ, ಹೆಸರು, ಅಪ್ಸೆಣಬಿನ ಬೇರಲ್ಲಿ ಗಂಟು ಕಟ್ಟುವ ರೈಜೋಬಿಯಂ ನಿಮಗೆ ಗೊತ್ತು. ಅದು ಬೇಳೆ ಜಾತಿಯ ಗಿಡಕ್ಕೆ. ಭತ್ತದಲ್ಲಿ ಗಂಟು ಕಟ್ಟುವುದಿಲ್ಲ. ಭತ್ತಕ್ಕೆ ರೈಜೋಬಿಯಂ ಪ್ಯಾಕೆಟ್ ಕೊಟ್ಟರೆ ತೆಗೆದುಕೊಳ್ಳಬೇಡಿ.

ಅಜೋಸ್ಪಿರಿಲಂ ಗಂಟು ಕಟ್ಟದೆ ಬೇರಿನ ಮೇಲೆ, ಸ್ವಲ್ಪ ಒಳಗೂ ಸೇರಿಕೊಂಡು ಬದುಕುತ್ತದೆ. 1970ರ ದಶಕದಲ್ಲಿ ಬ್ರೆಜಿಲ್‌ನ ವಿಜ್ಞಾನಿ ಯೊಹಾನಾ ಡೊಬೆರೈನರ್ ಅವರ ಕೆಲಸದಿಂದ ಇದಕ್ಕೆ ಹೆಸರು ಬಂತು. ಇದಕ್ಕೆ ಸ್ವಲ್ಪವೇ ಗಾಳಿ ಬೇಕು, ಜಾಸ್ತಿ ಬೇಡ. ಭತ್ತದ ಬೇರು ಇದಕ್ಕೆ ಹೇಳಿ ಮಾಡಿಸಿದ ಜಾಗ. ಯಾಕೆಂದರೆ ಭತ್ತ ತನ್ನ ಕಾಂಡದ ಮೂಲಕ ಗಾಳಿಯನ್ನು ಕೆಸರಿನೊಳಗಿನ ಬೇರಿಗೆ ಇಳಿಸುತ್ತದೆ. ಒಂದು ಬುಡ ಕಿತ್ತು ತೊಳೆದಾಗ ಬೇರಿನ ಮೇಲೆ ತುಕ್ಕಿನ ಬಣ್ಣ ಕಾಣುತ್ತದಲ್ಲ, ಅದು ಆ ಗಾಳಿ ತಾಗಿ ಮಣ್ಣಿನ ಕಬ್ಬಿಣ ಬೇರಿಗೆ ಅಂಟಿದ ಗುರುತು. ಅದು ರೋಗವಲ್ಲ. ಬೇರು ಕಪ್ಪಗಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಚಿಂತೆ ಮಾಡಬೇಕು.

ಈಗ ಮುಖ್ಯ ವಿಷಯ. ಗಾಳಿಯ ಸಾರಜನಕವನ್ನು ಒಡೆಯುವುದು ಈ ಜೀವಿಗೆ ತುಂಬಾ ದುಬಾರಿ ಕೆಲಸ, ಬಹಳ ಶಕ್ತಿ ಸುಡಬೇಕು. ಪಕ್ಕದಲ್ಲೇ ಯೂರಿಯಾದಿಂದ ಬಂದ ಅಮೋನಿಯಂ ಸಿಕ್ಕರೆ ಅದು ಆ ಕೆಲಸವನ್ನೇ ನಿಲ್ಲಿಸುತ್ತದೆ. ಪುಕ್ಕಟೆ ಊಟ ಇರುವಾಗ ದುಡಿಯುವವರು ಯಾರು? ಅದಕ್ಕೇ ಪೂರ್ತಿ ಯೂರಿಯಾ ಕೊಟ್ಟು, ಮೇಲೆ ಅಜೋಸ್ಪಿರಿಲಂ ಹಾಕಿದರೆ ಸಾರಜನಕದ ಲಾಭ ಬಹುತೇಕ ಸೊನ್ನೆ.

ಅದು ಕೊಡುವ ಇನ್ನೊಂದು ಲಾಭ ಉಳಿಯುತ್ತದೆ, ನನ್ನ ಅನುಭವದಲ್ಲಿ ದೊಡ್ಡ ಲಾಭವೇ ಅದು. ಬೇರು ಬೆಳೆಸುವ ಹಾರ್ಮೋನನ್ನು ಅಜೋಸ್ಪಿರಿಲಂ ಉತ್ಪತ್ತಿ ಮಾಡುತ್ತದೆ. ಸಣ್ಣ ಬೇರು, ಕೂದಲು ಬೇರು ಜಾಸ್ತಿ ಬರುತ್ತವೆ. ಬೇರು ಜಾಸ್ತಿ ಇದ್ದರೆ ಮಣ್ಣಲ್ಲಿರುವ ರಂಜಕ, ಸತು, ಹಾಕಿದ ಯೂರಿಯಾ ಎಲ್ಲವೂ ಪೈರಿಗೆ ಹೆಚ್ಚು ಸಿಗುತ್ತವೆ.

ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಅಂದರೆ ಪಿಎಸ್‌ಬಿ, ಹೊಸ ರಂಜಕ ಹುಟ್ಟಿಸುವುದಿಲ್ಲ. ಮಣ್ಣಲ್ಲಿ ಬಿಗಿದು ಕೂತಿರುವುದನ್ನು ಸಾವಯವ ಆಮ್ಲ ಬಿಟ್ಟು ಸಡಿಲ ಮಾಡುತ್ತದೆ. ನಿಮ್ಮ ಕಡೆ ಇದು ಯಾಕೆ ಮುಖ್ಯ ಅಂದರೆ, ಜೋರು ಮಳೆ ವರ್ಷವರ್ಷವೂ ಸುಣ್ಣದಂಶವನ್ನು ತೊಳೆದುಕೊಂಡು ಹೋಗಿ ಮಣ್ಣು ಹುಳಿಯಾಗಿದೆ. ಹುಳಿ ಮಣ್ಣಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡೂ ರಂಜಕವನ್ನು ಹಿಡಿದುಕೊಳ್ಳುತ್ತವೆ. ನೀವು ಹಾಕಿದ ಡಿಎಪಿಯ ಒಂದು ಪಾಲು ಹೀಗೇ ಸೆರೆಯಾಗುತ್ತದೆ.

ಗದ್ದೆಗೆ ನೀರು ನಿಂತ ಮೇಲೆ ಕಥೆ ಸ್ವಲ್ಪ ಬದಲಾಗುತ್ತದೆ. ಕೆಲವು ವಾರಗಳಲ್ಲಿ ಕೆಸರಿನ ಹುಳಿ ತಾನೇ ಇಳಿದು ಪಿಎಚ್ ಏಳರ ಕಡೆಗೆ ಏರುತ್ತದೆ. ಕಬ್ಬಿಣ ಕರಗಿ ಹಿಡಿದಿಟ್ಟ ರಂಜಕವನ್ನು ಬಿಡುತ್ತದೆ. ಆದರೆ ಪೈರಿಗೆ ರಂಜಕ ಹೆಚ್ಚು ಬೇಕಾಗುವುದು ಅದಕ್ಕಿಂತ ಮೊದಲು, ಬೇರು ಬಿಡುವಾಗ, ತೆಂಡೆ (ಬುಡದ ಕವಲು) ಒಡೆಯುವಾಗ. ಜೂನ್, ಜುಲೈನ ಆ ತಣ್ಣನೆ ನೀರಲ್ಲಿ ಸಸಿ ಮುರುಟಿಕೊಂಡು ಕೂರುತ್ತದಲ್ಲ, ಆ ಮೂರು ನಾಲ್ಕು ವಾರ ಈ ಬ್ಯಾಕ್ಟೀರಿಯಾ ಬೇರಿನ ಪಕ್ಕದಲ್ಲಿ ಇರಬೇಕು.

ನಿಮ್ಮ ಎರಡು ಕೆಜಿ ಎಲ್ಲಿ ಹೋಯಿತು

ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬಾ ಮೊಸರು. ಪ್ಯಾಕೆಟ್ಟೂ ಹಾಗೇ ಎಂದು ತುಂಬಾ ಜನ ತಿಳಿದಿದ್ದಾರೆ. ಹೆಪ್ಪು ಹಾಕುವ ಹಾಲನ್ನು ನಾವು ಮೊದಲು ಕಾಯಿಸಿರುತ್ತೇವೆ, ಅಲ್ಲಿ ಎದುರಾಳಿ ಇಲ್ಲ. ಗದ್ದೆಯನ್ನು ಯಾರೂ ಕಾಯಿಸಿಲ್ಲ.

ಲೆಕ್ಕ ನೋಡಿ. ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಜೈವಿಕ ಗೊಬ್ಬರಗಳನ್ನು 2006ರಲ್ಲಿ ಸೇರಿಸಿದರು. ಅದರ ಪ್ರಕಾರ ಪುಡಿಯ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕಣ ಇರಬೇಕು. ದ್ರವ ರೂಪದ್ದಾದರೆ ಪ್ರತಿ ಮಿಲಿಗೆ 10 ಕೋಟಿ. ನಿಮ್ಮ ಎರಡು ಕೆಜಿ ಪುಡಿ ಒಳ್ಳೆಯದೇ ಆಗಿತ್ತು ಅಂದುಕೊಳ್ಳೋಣ. ಅದರಲ್ಲಿ ಹತ್ತು ಸಾವಿರ ಕೋಟಿ ಜೀವಿಗಳು. ಭಾರಿ ದೊಡ್ಡ ಸಂಖ್ಯೆ, ಅಲ್ವಾ? ಆದರೆ ಒಂದು ಎಕರೆಯಲ್ಲಿ ಅರ್ಧ ಅಡಿ ಆಳದ ಮಣ್ಣು ತೂಗಿದರೆ ಸುಮಾರು 9 ಲಕ್ಷ ಕೆಜಿ. ಹಂಚಿದರೆ ಒಂದು ಗ್ರಾಂ ಮಣ್ಣಿಗೆ ನೂರು ಚಿಲ್ಲರೆ ಜೀವಿಗಳು. ಅದೇ ಒಂದು ಗ್ರಾಂನಲ್ಲಿ ಮೊದಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಬೀಡುಬಿಟ್ಟಿವೆ. ಜೊತೆಗೆ ಇವನ್ನು ತಿನ್ನುವ ಏಕಕೋಶ ಜೀವಿಗಳೂ ಇವೆ. ಎರಚಿದ ಪುಡಿ ಕಳೆದುಹೋಗದೆ ಇನ್ನೇನಾದೀತು?

ಇದರ ಮೇಲೆ ನೀವು ಯೂರಿಯಾ ಜೊತೆ ಕಲಸಿದಿರಿ. ಯೂರಿಯಾ ಹಸಿ ಎಳೆದುಕೊಂಡು ನೀರು ಬಿಡುವುದನ್ನು ನೋಡಿದ್ದೀರಿ. ಆ ಗಟ್ಟಿ ದ್ರಾವಣದಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಒಳಗಿನ ನೀರು ಹೊರಗೆ ಹೋಗಿ ಅದು ಸಾಯುತ್ತದೆ. ಡಿಎಪಿ ಜೊತೆ ಕಲಸಿದರೂ ಅಷ್ಟೇ. ಉಳಿದ ಅಲ್ಪಸ್ವಲ್ಪವನ್ನು ಮಳೆ ನೀರು ಕಂಡಿಯಲ್ಲಿ ಸಾಗಿಸಿರುತ್ತದೆ.

ಪ್ಯಾಕೆಟ್ ಅಂಗಡಿಯಲ್ಲೇ ಸತ್ತಿದ್ದಿರಲೂಬಹುದು. ತಗಡಿನ ಶೀಟಿನ ಕೆಳಗೆ, ಏಪ್ರಿಲ್ ಮೇ ಸೆಕೆಯಲ್ಲಿ, ಕೀಟನಾಶಕದ ಡಬ್ಬಗಳ ಪಕ್ಕ ಇಟ್ಟ ಪ್ಯಾಕೆಟ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಲವತ್ತು ಡಿಗ್ರಿ ಹತ್ತಿರ ಕೆಲವು ದಿನ ಇದ್ದರೆ ಇವು ಉಳಿಯುವುದು ಕಷ್ಟ. ಕೊಳ್ಳುವಾಗ ತಯಾರಾದ ದಿನ ಮತ್ತು ಅವಧಿ ಮುಗಿಯುವ ದಿನ ಓದಿ. ಕಪ್ಪು ಪುಡಿಯಾದರೆ ಪ್ಯಾಕೆಟ್ ಮೇಲಿಂದಲೇ ಅದುಮಿ. ಒಳಗೆ ತೇವ ಇದ್ದು ಹಿಟ್ಟಿನ ಹಾಗೆ ಒತ್ತಿಕೊಳ್ಳಬೇಕು. ಒಣಗಿ ಸೋರುವ ಹಾಗಿದ್ದರೆ ವಾಪಸ್ ಕೊಡಿ. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ, ಹಾಸನದ ಕಂದಲಿ ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಒಮ್ಮೆ ವಿಚಾರಿಸಿ.

ಭಾವನ ಗದ್ದೆಯ ವಿಷಯ. ಅವರದು ಬಯಲು ಸೀಮೆಯ ನಾಲೆ ಗದ್ದೆ ಎಂದುಕೊಳ್ಳುತ್ತೇನೆ. ಅಲ್ಲಿ ಮಣ್ಣಿನ ಹುಳಿ ಸಾಮಾನ್ಯವಾಗಿ ಕಡಿಮೆ, ಬಿಸಿಲು ಜಾಸ್ತಿ, ನೀರು ಹರಿದು ಹೋಗದೆ ನಿಲ್ಲುತ್ತದೆ. ಅಂಥ ಗದ್ದೆಯಲ್ಲಿ ನೀಲಿ ಹಸಿರು ಪಾಚಿ ತಾನಾಗೇ ಬೆಳೆದು ಪುಕ್ಕಟೆ ಸಾರಜನಕ ಕೊಡುತ್ತದೆ. ವರ್ಷಗಟ್ಟಲೆ ಗೊಬ್ಬರ ಹಾಕದ ಗದ್ದೆಯೂ ಹೇಗೆ ಭತ್ತ ಕೊಡುತ್ತದೆ ಎಂಬುದಕ್ಕೆ ಈ ಪಾಚಿಯೇ ಕಾರಣ ಎಂದು ಪಿ.ಕೆ. ಡೇ ಎಂಬ ನಮ್ಮ ದೇಶದ ವಿಜ್ಞಾನಿ 1939ರಲ್ಲೇ ತೋರಿಸಿದ್ದರು. ಹುಳಿ ಮಣ್ಣು, ಮೋಡ ಕವಿದ ದಿನಗಳು, ಹರಿಯುವ ನೀರು, ಈ ಮೂರೂ ಇರುವ ನಿಮ್ಮ ಕಡೆ ಆ ಪಾಚಿ ಅಷ್ಟು ಹಿಡಿಯುವುದಿಲ್ಲ. ಅದಕ್ಕಾಗಿ ಪಾಚಿ ಪ್ಯಾಕೆಟ್‌ಗೆ ದುಡ್ಡು ಹಾಕಬೇಡಿ.

ಕಾಫಿ ಇರುವುದರಿಂದ ಒಂದು ಎಚ್ಚರಿಕೆ. ತೋಟದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಪಾಚಿಗೂ ಬ್ಯಾಕ್ಟೀರಿಯಾಕ್ಕೂ ವಿಷ. ತೋಟಕ್ಕೆ ಹೊಡೆದದ್ದು ಮಣ್ಣಿಗೆ ಅಂಟಿಕೊಂಡು ಬಹುಪಾಲು ಅಲ್ಲೇ ಉಳಿಯುತ್ತದೆ. ಆದರೆ ಡ್ರಮ್ಮು, ಪಂಪು ತೊಳೆದ ನೀರನ್ನು ಗದ್ದೆಗೆ ಹೋಗುವ ಕಾಲುವೆಗೆ ಚೆಲ್ಲಬೇಡಿ. ಇದನ್ನು ಎಲ್ಲರೂ ಮಾಡುತ್ತಾರೆ, ಯಾರೂ ಗಮನಿಸುವುದಿಲ್ಲ.

ಮುಂದಿನ ಹಂಗಾಮಿಗೆ ಹೀಗೆ ಮಾಡಿ

ಎರಚುವುದು ಬಿಟ್ಟು ಬೇರಿಗೇ ತಾಗಿಸಿ. ಎಕರೆಗೆ ಬೇಕಾದ ಸಸಿಯ ಬೇರನ್ನು ಒಟ್ಟು ಹಾಕಿದರೆ ಒಂದು ಬಾನಿಯಲ್ಲಿ ಹಿಡಿಸುತ್ತದೆ. ಒಂಬತ್ತು ಲಕ್ಷ ಕೆಜಿ ಮಣ್ಣಿಗೆ ಹಂಚುವುದಕ್ಕೂ ಅಷ್ಟು ಬೇರಿಗೆ ಹಂಚುವುದಕ್ಕೂ ಎಷ್ಟು ವ್ಯತ್ಯಾಸ, ನೀವೇ ನೋಡಿ.

ನಾಟಿ ದಿನ ಗದ್ದೆಯ ಮೂಲೆಯಲ್ಲಿ, ನೆರಳಿರುವ ಕಡೆ, ಕೆಸರಿನಿಂದಲೇ ಸಣ್ಣ ಅಂಚು ಕಟ್ಟಿ ಗುಂಡಿಯಂತೆ ಮಾಡಿಕೊಳ್ಳಿ. ಪ್ಲಾಸ್ಟಿಕ್ ಹಾಳೆ ಹಾಸಿದರೆ ಇನ್ನೂ ಒಳ್ಳೆಯದು. ಸುಮಾರು 40 ಲೀಟರ್ ನೀರಿಗೆ ಒಂದು ಎಕರೆಯ ಸಸಿಗೆಂದು ಅಜೋಸ್ಪಿರಿಲಂ ಒಂದು ಕೆಜಿ, ಪಿಎಸ್‌ಬಿ ಒಂದು ಕೆಜಿ ಕದಡಿ. ಒಂದೆರಡು ಬೊಗಸೆ ಸಗಣಿ ಸೇರಿಸಿದರೆ ಬೇರಿಗೆ ಚೆನ್ನಾಗಿ ಅಂಟುತ್ತದೆ. ಕಿತ್ತ ಸಸಿಯ ಕಟ್ಟುಗಳ ಬೇರಿನ ಮಣ್ಣು ತೊಳೆದು, ಬೇರು ಮಾತ್ರ ಮುಳುಗುವಂತೆ ನಿಲ್ಲಿಸಿ. ಅರ್ಧ ಗಂಟೆ ಸಾಕು. ಒಂದು ಸರದಿ ನೆನೆಯುವಾಗ ಇನ್ನೊಂದು ಸರದಿ ನೆಡುವವರ ಕೈಗೆ ಹೋಗುತ್ತಿರಲಿ. ಕೂಲಿಯವರು ಮೊದಲು ಗೊಣಗುತ್ತಾರೆ, ಕೆಲಸ ನಿಲ್ಲುತ್ತದೆ ಎಂದು. ಎರಡು ಸರದಿ ಆದ ಮೇಲೆ ಲಯ ಬರುತ್ತದೆ. ಉಳಿದ ನೀರನ್ನು ನೆಟ್ಟ ಗದ್ದೆಗೇ ಚೆಲ್ಲಿ. ಆ ದಿನ ಮತ್ತು ಮುಂದಿನ ಎರಡು ಮೂರು ದಿನ ಆದಷ್ಟೂ ಕಂಡಿ ಕಟ್ಟಿ. ಜಡಿಮಳೆಯಲ್ಲಿ ಅದು ಆಗದು ಅಂತ ನನಗೂ ಗೊತ್ತು. ಆದರೂ ಬೇರಿಗೆ ಅಂಟಿದ್ದು ಎರಚಿದ್ದರಷ್ಟು ತೊಳೆದು ಹೋಗುವುದಿಲ್ಲ.

ಬೀಜೋಪಚಾರಕ್ಕೆ ಶಿಲೀಂಧ್ರನಾಶಕ ಬಳಸುತ್ತೀರಾ? ಬಳಸಿ, ಬಿಡಬೇಡಿ. ಅದೇ ಬೀಜಕ್ಕೆ ಬ್ಯಾಕ್ಟೀರಿಯಾ ಹಚ್ಚಬೇಡಿ, ಅಷ್ಟೇ. ಬೇರು ಅದ್ದುವ ಹೊತ್ತಿಗೆ ಮೂರು ವಾರ ಕಳೆದಿರುತ್ತದೆ.

ರಂಜಕಕ್ಕೆ ಇನ್ನೊಂದು ಉಪಾಯ ನಿಮ್ಮ ಮಣ್ಣಿಗೆ ಹೊಂದುತ್ತದೆ. ಕಾಫಿಗೆ ಹಾಕುವ ಶಿಲಾರಂಜಕ, ಅಂದರೆ ರಂಜಕವಿರುವ ಕಲ್ಲಿನ ಪುಡಿ, ಹುಳಿ ಮಣ್ಣಲ್ಲಿ ತಾನೇ ನಿಧಾನವಾಗಿ ಕರಗುತ್ತದೆ. ಬಯಲು ಸೀಮೆಯ ಮಣ್ಣಲ್ಲಿ ಅಷ್ಟು ಕರಗದು. ಕೊಟ್ಟಿಗೆ ಗೊಬ್ಬರಕ್ಕೆ ಶಿಲಾರಂಜಕ, ಪಿಎಸ್‌ಬಿ ಬೆರೆಸಿ, ತೇವ ಮಾಡಿ, ಗೋಣಿ ಮುಚ್ಚಿ ನೆರಳಲ್ಲಿ ಒಂದೆರಡು ವಾರ ಇಟ್ಟು, ನಾಟಿಗೆ ಮುಂಚಿನ ಉಳುಮೆಯಲ್ಲಿ ಸೇರಿಸಿ. ಆದರೆ ಇದನ್ನು ನಂಬಿ ಡಿಎಪಿ ಪೂರ್ತಿ ಬಿಟ್ಟರೆ ಮೊದಲ ವರ್ಷ ತೆಂಡೆ ಕಡಿಮೆಯಾಗುವ ಅಪಾಯ ಇದೆ. ಅರ್ಧ ಡಿಎಪಿ, ಅರ್ಧ ಶಿಲಾರಂಜಕ ಎಂದು ಶುರು ಮಾಡಿ. ಡಿಎಪಿ ಅರ್ಧ ಮಾಡಿದಾಗ ಅದರೊಳಗಿನ ನಾಲ್ಕೂವರೆ ಕೆಜಿ ಸಾರಜನಕವೂ ಹೋಗುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಸುಣ್ಣ ಹಾಕಲಾ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಕಾಫಿಗೆ, ಶುಂಠಿಗೆ 5.4ರಲ್ಲಿ ಸುಣ್ಣ ಬೇಕು. ನೀರು ನಿಲ್ಲುವ ಗದ್ದೆಗೆ ಅಷ್ಟು ಆತುರವಿಲ್ಲ. ಹಾಕುವುದಾದರೆ ಮಣ್ಣು ಪರೀಕ್ಷೆಯವರು ಹೇಳಿದ ಪ್ರಮಾಣವನ್ನೇ, ನಾಟಿಗೆ ಎರಡು ಮೂರು ವಾರ ಮುಂಚೆ ಹಾಕಿ. ಯೂರಿಯಾ, ಡಿಎಪಿ ಜೊತೆ ಬೇಡ, ಅಮೋನಿಯಾ ಆಗಿ ಹಾರಿಹೋಗುತ್ತದೆ.

ಯೂರಿಯಾವನ್ನು ಎರಡರ ಬದಲು ಒಂದೂವರೆ ಮೂಟೆಗೆ ಇಳಿಸಿ, ಎರಡು ಮೂರು ಕಂತು ಮಾಡಿ. ನಾಟಿಯಾದ ಮೂರು ವಾರದ ತನಕ ಯೂರಿಯಾ ಬೇಡ. ಅಷ್ಟರಲ್ಲಿ ಅಜೋಸ್ಪಿರಿಲಂ ಬೇರು ಹಿಡಿದಿರುತ್ತದೆ. ಕೊನೆಯ ಕಂತು ತೆನೆ ಮೂಡುವ ಮುಂಚೆ. ಆ ಹೊತ್ತಿಗೆ ಎಲೆ ಕಡು ಹಸಿರಿದ್ದು, ಮೋಡ ಕವಿದಿದ್ದರೆ ಕೈ ತಡೆಯಿರಿ.

ಜೀವಾಮೃತ, ಅಜೋಲ್ಲಾ, ಹಸಿರು ಗೊಬ್ಬರ

ಮಗನ ಉತ್ಸಾಹಕ್ಕೆ ನನ್ನ ಬೆಂಬಲವಿದೆ, ಲೆಕ್ಕಕ್ಕೆ ಇಲ್ಲ. ಎಕರೆಗೆ 200 ಲೀಟರ್ ಜೀವಾಮೃತಕ್ಕೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೇಳೆ ಹಿಟ್ಟು, 2 ಕೆಜಿ ಬೆಲ್ಲ. ಇವೆಲ್ಲದರಲ್ಲಿರುವ ಸಾರಜನಕ ಸೇರಿಸಿದರೆ ಕಾಲು ಕೆಜಿ ಆಸುಪಾಸು. ಪೈರಿಗೆ ಬೇಕಾದದ್ದು ಮೂವತ್ತು. ಜೀವಾಮೃತ ಸೂಕ್ಷ್ಮಜೀವಿಗಳನ್ನು ಚುರುಕು ಮಾಡುತ್ತದೆ, ಮಣ್ಣಲ್ಲಿರುವ ಸಾವಯವ ವಸ್ತು ಬೇಗ ಕರಗಲು ನೆರವಾಗುತ್ತದೆ. ನಿಮ್ಮ ಮಣ್ಣಲ್ಲಿ ಇಂಗಾಲ ಜಾಸ್ತಿ ಇರುವುದರಿಂದ ಒಂದೆರಡು ವರ್ಷ ಪರಿಣಾಮ ಚೆನ್ನಾಗೇ ಕಾಣಬಹುದು. ಆದರೆ ಅದು ಮಣ್ಣಿನ ಉಳಿತಾಯವನ್ನು ಖರ್ಚು ಮಾಡುವುದು. ತಿರುಗಿ ತುಂಬದಿದ್ದರೆ ಮೂರನೇ ನಾಲ್ಕನೇ ವರ್ಷಕ್ಕೆ ಪೈರು ಹಳದಿಯಾಗುತ್ತದೆ.

ಅಜೋಲ್ಲಾದ ಎಲೆಯೊಳಗೆ ಸಾರಜನಕ ಹಿಡಿಯುವ ನೀಲಿ ಹಸಿರು ಪಾಚಿಯೇ ವಾಸವಾಗಿದೆ. ಹುಳಿಯನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ಹಸಿ ಅಜೋಲ್ಲಾದಲ್ಲಿ ಬಹುಪಾಲು ನೀರು. ಒಂದು ಟನ್‌ಗೆ ಸಿಗುವುದು ಎರಡು ಮೂರು ಕೆಜಿ ಸಾರಜನಕ. ಅರ್ಧ ಮೂಟೆ ಯೂರಿಯಾ ಉಳಿಸಲು ಎಕರೆಗೆ ನಾಲ್ಕು ಟನ್ ಬೇಕು, ಅದನ್ನು ಕೆಸರಿಗೆ ತುಳಿದು ಕೊಳೆಸಲೂ ಬೇಕು. ಮಳೆಗಾಲದಲ್ಲಿ ನಿಮ್ಮ ಗದ್ದೆಗೆ ಬಿಟ್ಟ ಅಜೋಲ್ಲಾ ಕಂಡಿ ದಾಟಿ ಹಳ್ಳ ಸೇರುತ್ತದೆ. ತರೀಕೆರೆ ಕಡೆಯ ಭದ್ರಾ ನಾಲೆ ಗದ್ದೆಗಳಂಥ ನಿಂತ ನೀರಿಗೆ ಅದು ಸರಿ. ನೀವು ಮನೆ ಹಿಂದೆ ತೊಟ್ಟಿಯಲ್ಲಿ ಬೆಳೆಸಿ ದನಕ್ಕೆ ಹಾಕಿ, ಸಗಣಿಯಲ್ಲಿ ಲಾಭ ಬರಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಸೊಪ್ಪಿಗೆ ಕೈ ಹಾಕುತ್ತಿದ್ದೆ. ಏಪ್ರಿಲ್, ಮೇ ಮಳೆಗೆ ಎಕರೆಗೆ 10–12 ಕೆಜಿ ಡಯಾಂಚ ಎಂಬ ಹಸಿರು ಗೊಬ್ಬರದ ಬೀಜ ಚೆಲ್ಲಿ, ಸುಮಾರು 45 ದಿನಕ್ಕೆ ಹೂ ಬರುವ ಮುಂಚೆ ಮಣ್ಣಿಗೆ ಸೇರಿಸಿದರೆ, ಚೆನ್ನಾಗಿ ಬಂದಲ್ಲಿ ಎಕರೆಗೆ 20 ಕೆಜಿಗೂ ಮೇಲೆ ಸಾರಜನಕ. ಒಂದು ಮೂಟೆ ಯೂರಿಯಾದಷ್ಟು. ಇದೂ ಸೂಕ್ಷ್ಮಜೀವಿಯ ಕೆಲಸವೇ, ಬೇರಿನ ಗಂಟಿನಲ್ಲಿ. ಮಳೆ ಕೈಕೊಟ್ಟರೆ, ದನ ನುಗ್ಗಿದರೆ ಬೀಜದ ದುಡ್ಡು ಹೋಗುತ್ತದೆ, ಆ ಅಪಾಯ ಇದ್ದೇ ಇದೆ. ತೋಟದಲ್ಲಿ ಮರಗಸಿ ಮಾಡುವಾಗ ಸಿಗುವ ಹಾಲವಾಣ, ಗ್ಲಿರಿಸಿಡಿಯಾ ಸೊಪ್ಪನ್ನೂ ಗದ್ದೆಗೆ ಇಳಿಸಬಹುದು. ಹಸಿ ಸೊಪ್ಪು ತುಳಿದ ಮೇಲೆ ಒಂದು ವಾರ, ಹತ್ತು ದಿನ ಬಿಟ್ಟು ನಾಟಿ ಮಾಡಿ. ಇಲ್ಲದಿದ್ದರೆ ಕೊಳೆಯುವಾಗ ಬರುವ ಅನಿಲಕ್ಕೆ ಎಳೆ ಬೇರು ಸುಸ್ತಾಗುತ್ತದೆ.

ಪ್ಯಾಕೆಟ್‌ನಿಂದಲೇ ಬಂತಾ ಎಂದು ತಿಳಿಯುವುದು ಹೇಗೆ

ಒಂದೇ ಮಟ್ಟದ, ಒಂದೇ ನೀರಿನ ಗದ್ದೆಯಲ್ಲಿ ಐದೈದು ಗುಂಟೆಯ ಮೂರು ಪಟ್ಟಿ ಮಾಡಿ, ನಡುವೆ ಅಂಚು ಕಟ್ಟಿ. ಒಂದಕ್ಕೆ ನಿಮ್ಮ ಮಾಮೂಲಿ ಎರಡು ಮೂಟೆ ಲೆಕ್ಕದ ಯೂರಿಯಾ. ಇನ್ನೊಂದಕ್ಕೆ ಒಂದೂವರೆ ಮೂಟೆ ಲೆಕ್ಕ. ಮೂರನೆಯದಕ್ಕೆ ಒಂದೂವರೆ ಲೆಕ್ಕ ಮತ್ತು ಬೇರು ಅದ್ದಿದ ಸಸಿ. ಡಿಎಪಿ, ಶಿಲಾರಂಜಕ ಮೂರಕ್ಕೂ ಒಂದೇ ಇರಲಿ. ಎರಡನೆಯ ಪಟ್ಟಿಯನ್ನು ತಪ್ಪದೇ ಇಡಿ, ಪ್ರಾತ್ಯಕ್ಷಿಕೆಯವರು ಬಿಡುವುದು ಅದನ್ನೇ.

25 ದಿನಕ್ಕೆ ಎರಡನೆಯ ಮತ್ತು ಮೂರನೆಯ ಪಟ್ಟಿಯಿಂದ ನಾಲ್ಕು ನಾಲ್ಕು ಬುಡಗಳನ್ನು ಮಣ್ಣು ಸಮೇತ ಅಗೆದು ತೆಗೆಯಿರಿ, ಕೀಳಬೇಡಿ, ಸಣ್ಣ ಬೇರು ಹರಿಯುತ್ತದೆ. ಬಕೆಟ್ ನೀರಲ್ಲಿ ಅಲುಗಾಡಿಸಿ ಮಣ್ಣು ಬಿಡಿಸಿ, ಬಿಳಿ ಪಂಚೆಯ ಮೇಲೆ ಪಕ್ಕಪಕ್ಕ ಹರಡಿ. ಬ್ಯಾಕ್ಟೀರಿಯಾ ಹಿಡಿದಿದ್ದರೆ ಮೂರನೆಯ ಪಟ್ಟಿಯ ಬೇರು ಪೊದೆಯ ಹಾಗಿರುತ್ತದೆ, ತುದಿಯಲ್ಲಿ ಬಿಳಿ ಎಳೆ ಬೇರು ಹೆಚ್ಚಿರುತ್ತವೆ, ತೆಂಡೆ ಒಂದೆರಡು ಜಾಸ್ತಿ ಇರುತ್ತವೆ. ವ್ಯತ್ಯಾಸವೇ ಕಾಣದಿದ್ದರೆ ನಿಮ್ಮ ಗದ್ದೆಗೆ ಅದು ಹಿಡಿಯಲಿಲ್ಲ ಎಂದೇ ಅರ್ಥ. ಕೊಯ್ಲಿನಲ್ಲಿ ಮೂರೂ ಪಟ್ಟಿಯ ಭತ್ತವನ್ನು ಬೇರೆ ಬೇರೆ ಬಡಿದು, ಒಣಗಿಸಿ, ತೂಗಿ. ಮೂರನೆಯದು ಎರಡನೆಯದಕ್ಕಿಂತ ಜಾಸ್ತಿ ತೂಗಿದರೆ ಮಾತ್ರ ಪ್ಯಾಕೆಟ್‌ಗೆ ಅಂಕ ಕೊಡಿ. ಎರಡನೆಯದೂ ಮೊದಲನೆಯದೂ ಸಮ ಬಂದರೆ, ಇಷ್ಟು ವರ್ಷ ಅರ್ಧ ಮೂಟೆ ಸುಮ್ನೆ ಹಳ್ಳಕ್ಕೆ ಹೋಗುತ್ತಿತ್ತು.

ಉಳಿದ ಪ್ರಶ್ನೆಗಳು

ಬಾವಿ ನೀರಿಗೆ, ದನಕ್ಕೆ ಇವುಗಳಿಂದ ತೊಂದರೆ ಇಲ್ಲ. ಮಣ್ಣಲ್ಲಿ ಮೊದಲಿಂದಲೂ ಇರುವ ಜಾತಿಯವೇ. ಕೆಲಸ ಮುಗಿದ ಮೇಲೆ ಕೈ ತೊಳೆದುಕೊಳ್ಳಿ, ಸಾಕು. ಬಾವಿಗೆ ನಿಜವಾದ ಕಾಟ ಕೊಡುವುದು ಹರಿದು ಇಂಗುವ ಯೂರಿಯಾ.

ಒಮ್ಮೆ ಹಾಕಿದರೆ ಉಳಿಯುವುದಿಲ್ಲ. ಕೊಯ್ಲಾದ ಮೇಲೆ ಗದ್ದೆ ತಿಂಗಳುಗಟ್ಟಲೆ ಒಣಗುತ್ತದೆ, ಆಶ್ರಯ ಕೊಟ್ಟ ಬೇರೂ ಇರುವುದಿಲ್ಲ. ಪ್ರತಿ ಬೆಳೆಗೂ ಹೊಸದಾಗಿ ಬೇರು ಅದ್ದಬೇಕು.

ಕಾಫಿ ನರ್ಸರಿಯ ಬೇರು ಶಿಲೀಂಧ್ರ, ಅಂದರೆ ಮೈಕೊರೈಜಾ, ಭತ್ತಕ್ಕೂ ಆಗುತ್ತದೆ ಎಂದು ಯಾರಾದರೂ ಕೊಟ್ಟರೆ ಗದ್ದೆಗೆ ಬೇಡ. ಅದಕ್ಕೆ ಗಾಳಿ ಬೇಕು, ನಿಂತ ನೀರಲ್ಲಿ ಏಳುವುದಿಲ್ಲ. ಸೂಡೋಮೊನಾಸ್ ಪುಡಿ ಬೇರೆಯೇ ವಿಷಯ, ಅದು ಗೊಬ್ಬರವಲ್ಲ, ರೋಗ ತಡೆಗೆ. ಬೆಂಕಿ ರೋಗ ಹತ್ತುವ ಮುಂಚೆ, ಬೀಜೋಪಚಾರದಲ್ಲಿ ಕೆಜಿಗೆ 10 ಗ್ರಾಂ ಬಳಸಿದರೆ ಒಂದಿಷ್ಟು ನೆರವಾಗುತ್ತದೆ. ಅದನ್ನು ಬಳಸಿದರೆ ಆ ಬೀಜಕ್ಕೆ ರಾಸಾಯನಿಕ ಬೇಡ. ರೋಗ ಹತ್ತಿದ ಮೇಲೆ ಅದನ್ನೇ ನಂಬಿ ಕೂರಬೇಡಿ.

ಮನೆಯಲ್ಲಿ ಉಳಿದ ಎರಡು ಪ್ಯಾಕೆಟ್ ಹೋದ ವರ್ಷದ್ದು. ಪುಡಿಯದ್ದಾದರೆ ಆರು ತಿಂಗಳ ಮೇಲೆ ಅದರಲ್ಲಿ ಭರವಸೆ ಇಡಲಾಗದು. ತಿಪ್ಪೆಗೆ ಸೇರಿಸಿ. ಈ ವರ್ಷದ ಪೈರಿಗೆ ಬೇರು ಅದ್ದುವ ಸಮಯ ದಾಟಿದೆ, ಹೊಸ ಪ್ಯಾಕೆಟ್ ತಂದು ಎರಚಬೇಡಿ. ಈಗ ಮಾಡಬಹುದಾದದ್ದು ಇಷ್ಟೇ: ಮುಂದಿನ ಕಂತಿನ ಯೂರಿಯಾವನ್ನು ಎಕರೆಗೆ ಅರ್ಧ ಮೂಟೆ ಲೆಕ್ಕದಲ್ಲಿ, ಹತ್ತು ಗುಂಟೆಯ ಒಂದು ಗದ್ದೆಗೆ ಮಾತ್ರ ಕಡಿಮೆ ಮಾಡಿ ನೋಡಿ. ಅಂದರೆ ಆ ಹತ್ತು ಗುಂಟೆಗೆ ಐದೂವರೆ ಕೆಜಿಯಷ್ಟು ಕಡಿಮೆ. ಮುಂದಿನ ವರ್ಷದ ಪ್ಯಾಕೆಟ್ಟನ್ನು ಸಸಿ ಮಡಿ ಹಾಕಿದ ಮೇಲೆ ಕೊಳ್ಳಿ, ಅದಕ್ಕಿಂತ ಮುಂಚೆ ಬೇಡ. ತಂದದ್ದನ್ನು ಅಟ್ಟದ ಮೇಲೆ ಇಡದೆ, ಕೆಳಗಿನ ತಣ್ಣನೆಯ ಕೋಣೆಯಲ್ಲಿ, ಔಷಧಿ ಡಬ್ಬಗಳಿಂದ ದೂರ ಇಡಿ.